ಬಸ್‌ಸ್ಟ್ಯಾಂಡಿನ ದನಿ

ಇರುವೆಯೊಂದು ಮೇಜಿನ ಮೇಲಿನ ಹಾಳೆಯಲ್ಲಿ ಗೋಲ್‌ಕೀಪರನ ಹೆಸರನ್ನು ದಾಟಿ, ಎರಡನೇ ನಂಬರಿನವನನ್ನು ತುಳಿದು, ಮೂರನೆಯವನ ತಲೆಯ ಮೇಲೆ ಒಂದು ಗಳಿಗೆ ನಿಂತು ಮೀಸೆ ಆಡಿಸಿ ಮತ್ತೆ ಕೆಳಕ್ಕಿಳಿಯಿತು, ಅದಕ್ಕೇನು ಅವಸರ, ಅದೇನು ಆಟ ನೋಡಲು ಬಂದಿದೆಯೇ — ಮೂರಾದ ಮೇಲೆ ಐದು, ಥತ್, ಮೂರಾದ ಮೇಲೆ ಐದು ಹೇಗಾಗುತ್ತದೆ, ಹನ್ನೊಂದು ವರ್ಷ ಮೂರರ ಕೆಳಗೆ ನಾಲ್ಕಿತ್ತು, ಈಗ ಬಿದ್ದ ಹಲ್ಲಿನ ಜಾಗಕ್ಕೆ ನಾಲಗೆ ಹೋಗುವ ಹಾಗೆ ಮೈಕಣ್ಣನ ಕಣ್ಣು ಅಲ್ಲಿಗೇ ಹೋಗುತ್ತದೆ, ನಾಲ್ಕು ಇದೆ, ಇಲ್ಲದೆ ಏನು, ಪಕ್ಕದ ಹಾಳೆಯಲ್ಲಿದೆ, ಹೊಳೆಯಾಚೆಯ ತಂಡದ ಹಾಳೆಯಲ್ಲಿ, ಯಾರ ಮನೆಯ ಬಾಗಿಲು ಕಾಯುತ್ತಿದ್ದನೋ ಆ ಮನೆಗೇ ಇವತ್ತು ಎದುರಾಳಿಯಾಗಿ ಬಂದು ನಿಂತಿದ್ದಾನೆ ಚಿಲಕ. ಚಿಲಕ ಅಂತ ಹೆಸರಿಟ್ಟಿದ್ದು ಯಾರೋ ಗೊತ್ತಿಲ್ಲ, ಆದರೆ ಆ ಹೆಸರನ್ನು ಹನ್ನೊಂದು ಸಾವಿರ ಜನರ ಬಾಯಿಗೆ ಹಾಕಿದ್ದು ಮೈಕಣ್ಣ, ಮೈದಾನದ ಮೈಕಿನಲ್ಲಿ ನಾಲ್ಕನೇ ನಂಬರ್ ಎಂದು ಹೇಳಿ, ತಡೆದು, ಎರಡು ಉಸಿರಿನಷ್ಟು ತಡೆದು, ಚೀ ಎಂದು ಎಳೆದರೆ ಸಾಕು, ಉಳಿದದ್ದನ್ನು ಗ್ಯಾಲರಿಯೇ ಕೂಗಿ ಮುಗಿಸುತ್ತಿತ್ತು, ಲಕಾ! — ಭಾವ, ಇನ್ನು ಹನ್ನೆರಡು ನಿಮಿಷ, ಬಿಸಿನೀರು ಕುಡೀರಿ, ಎಂದ ಹೆಂಡತಿಯ ತಮ್ಮ, ಪಕ್ಕದ ಕುರ್ಚಿಯಲ್ಲಿ ಕೂತು ಸ್ಕೋರ್‌ಬೋರ್ಡಿನ ಗುಂಡಿಗಳನ್ನು ಒರೆಸುತ್ತಾ. ಕುಡಿಯುತ್ತೇನೆ, ಇವತ್ತು ಗಂಟಲು ಕೈಕೊಡಬಾರದು, ಬೇರೆ ಯಾವತ್ತು ಕೊಟ್ಟರೂ ಇವತ್ತು ಕೊಡಬಾರದು.

ಎರಡು ದನಿ ಇದೆ ಅವನ ಗಂಟಲಿನಲ್ಲಿ, ಅದು ಊರಿಗೆಲ್ಲ ಗೊತ್ತು. ವಾರವೆಲ್ಲ ಬಸ್‌ಸ್ಟ್ಯಾಂಡಿನ ಎರಡನೇ ಮಹಡಿಯ ಗೂಡಿನಲ್ಲಿ ಕೂತು ಮೂರನೇ ಪ್ಲಾಟ್‌ಫಾರ್ಮ್, ಹನ್ನೊಂದೂ ನಲವತ್ತರ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಡಲಿದೆ ಎನ್ನುವ ದನಿ, ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ, ಏರಿಲ್ಲ ಇಳಿವಿಲ್ಲ, ಕೇಳಿದವರಿಗೆ ಬೈಯುವುದಕ್ಕೂ ಮನಸ್ಸು ಬಾರದಂಥದ್ದು; ಶನಿವಾರ ಮಧ್ಯಾಹ್ನ ಈ ಗಾಜಿನ ಕೋಣೆಗೆ ಬಂದು ಮೈಕಿನ ಕೆಂಪು ದೀಪ ಹತ್ತಿತೋ, ಹೊಕ್ಕುಳಿನಿಂದ ಎದ್ದು ಬರುವ ಇನ್ನೊಂದು ದನಿ. ರೀ, ಎರಡನ್ನೂ ಹೊರಗೇ ಖಾಲಿ ಮಾಡ್ಕೊಂಡು ಬರ್ತೀರಲ್ಲ, ಮನೇಲಿ ನನಗೆ ಬರೀ ಹೂಂ, ಹೂಂ, ಎನ್ನುತ್ತಾಳೆ ಹೆಂಡತಿ, ಎನ್ನಲಿ, ಹದಿನೆಂಟು ವರ್ಷದಿಂದ ಎನ್ನುತ್ತಿದ್ದಾಳೆ. ಆದರೆ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವಳು ಬೇರೆ ಏನೋ ಅಂದಳು, ಯಾಕ್ರೀ ಒಬ್ಬೊಬ್ಬರೇ ನಗ್ತಿದೀರ, ಅಂದಳು, ನಗುತ್ತಿದ್ದೆನೇ, ನಕ್ಕಿರಬೇಕು, ಆರು ತಿಂಗಳಿಂದ ಒಳಗೆ ಕುದಿಯುತ್ತಿದ್ದದ್ದು ಕೊನೆಗೂ ಉಕ್ಕುವ ದಿನ ಬಂತೆಂದರೆ ಮುಖಕ್ಕೆ ನಗು ಬಾರದೆ ಇನ್ನೇನು ಬರುತ್ತದೆ.

ಅಗೋ, ಎದುರಿನ ಸ್ಟ್ಯಾಂಡಿನ ಗಾಜಿನ ಕೋಣೆಗೆ ಬಂದ, ತಿಳಿ ಬೂದುಬಣ್ಣದ ಕೋಟು, ಕಂಕುಳಲ್ಲಿ ಲ್ಯಾಪ್‌ಟಾಪು, ಮಗುವನ್ನು ಎತ್ತಿಕೊಂಡ ಹಾಗೆ, ಪರ್ಸೆಂಟ್ ಸಾಹೇಬ. ಆ ಹೆಸರನ್ನೂ ಗ್ಯಾಲರಿಯೇ ಕೊಟ್ಟಿದ್ದು. ಹೋದ ಸೀಸನ್ನಿನ ಕೊನೆಗೆ ನಮ್ಮ ಕ್ಲಬ್ಬಿಗೆ ಬಂದ, ಆಟಗಾರರನ್ನು ಆರಿಸುವ ನಿರ್ದೇಶಕ ಎಂದು ಬಾಗಿಲಿಗೆ ಬೋರ್ಡು ಹಾಕಿಸಿಕೊಂಡ, ಜೀವನದಲ್ಲಿ ಒಂದು ಕಾರ್ನರ್ ಕಿಕ್ ಒದೆದವನಲ್ಲ, ಬಾಯಿ ತೆರೆದರೆ ಪರ್ಸೆಂಟು, ಚಿಲಕನ ಓಟ ಹನ್ನೆರಡು ಪರ್ಸೆಂಟ್ ಕಮ್ಮಿಯಾಗಿದೆ, ತಿರುಗೋ ವೇಗ ಒಂಬತ್ತು ಪರ್ಸೆಂಟ್ ಇಳಿದಿದೆ. ಅಯ್ಯಾ, ಚಿಲಕ ಓಡುವುದೇ ಇಲ್ಲವಲ್ಲ, ಓಡುವ ಅಗತ್ಯ ಬೀಳದ ಹಾಗೆ ಮೊದಲೇ ಅಲ್ಲಿ ನಿಂತಿರುತ್ತಾನಲ್ಲ, ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ, ಅದನ್ನು ಯಾವ ಪರ್ಸೆಂಟಿನಲ್ಲಿ ಅಳೆಯುತ್ತೀಯ. ಹೋದ ಸಲ ನಮ್ಮ ಬಲೆಗೆ ಬಿದ್ದದ್ದು ಐವತ್ತೊಂದು ಗೋಲು, ಅದರಲ್ಲಿ ಹತ್ತೊಂಬತ್ತು ಕಾರ್ನರಿನಿಂದ, ಆ ಹತ್ತೊಂಬತ್ತರಲ್ಲಿ ಹದಿನಾರು ಚಿಲಕ ಮೊಣಕಾಲು ಕಟ್ಟಿಸಿಕೊಂಡು ಮನೆಯಲ್ಲಿದ್ದ ಏಳು ಪಂದ್ಯಗಳಲ್ಲಿ — ಇದನ್ನು ಕಂಡುಹಿಡಿಯಲು ಲ್ಯಾಪ್‌ಟಾಪು ಬೇಕೇ, ಎರಡು ಕಣ್ಣು ಸಾಕು. ಸೋತು ಸುಣ್ಣವಾಗಿ ಪಟ್ಟಿಯ ತಳದಲ್ಲಿ ಕೂತೆವು, ಕೂತದ್ದಕ್ಕೆ ಸಿಕ್ಕ ಒಂದೇ ಸಮಾಧಾನ ಡ್ರಾಫ್ಟಿನಲ್ಲಿ ಮೊದಲ ಸರದಿ. ಹೊಸ ಆಟಗಾರರನ್ನೆಲ್ಲ ಒಂದು ಕಡೆ ಸೇರಿಸಿ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ, ಕೊನೆಗೆ ಬಂದವರಿಗೆ ಮೊದಲ ಆಯ್ಕೆ, ಅವರಲ್ಲಿ ಯಾರನ್ನು ಬೇಕಾದರೂ ತಗೋ ಎಂದು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ, ಆ ತಟ್ಟೆಯಿಂದ ಇವನು ಎತ್ತಿಕೊಂಡದ್ದು ಏನನ್ನು, ಗೋಲು ಹೊಡೆಯುವ ಫಾರ್ವರ್ಡನ್ನು! ಸೂರು ಸೋರುತ್ತಿದೆ ಮಾರಾಯ ಎಂದರೆ ಮುಂಬಾಗಿಲಿಗೆ ಬಣ್ಣ ಹೊಡೆಸಿದ ಹಾಗೆ, ಬಂದರಿನ ಹುಡುಗರ ತಂಡದ ಆ ಎತ್ತರದ ಬ್ಯಾಕ್, ಹಿಂದೆ ನಿಂತು ತಡೆಯುವವನು, ಕಣ್ಣೆದುರೇ ಕೂತಿದ್ದನಲ್ಲ, ಅವನನ್ನು ಎರಡನೇ ಸರದಿಯವರು ಹಾರಿಸಿಕೊಂಡು ಹೋದರು. ಬಸ್‌ಸ್ಟ್ಯಾಂಡಿನ ಆಫೀಸಿನ ಟಿವಿಯಲ್ಲಿ ನೋಡುತ್ತಿದ್ದ ಮೈಕಣ್ಣ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು, ಅವತ್ತು ಸಂಜೆ ಐದೂಕಾಲಿನ ಬಸ್ಸನ್ನು ಎರಡು ಸಲ ಹೊರಡಿಸಿಬಿಟ್ಟ, ಕಂಟ್ರೋಲರ್ ಬಂದು, ಏನ್ರೀ, ಬಸ್ಸು ಒಂದೇ ಅಲ್ವೇನ್ರೀ ಇರೋದು, ಎಂದು ಕೇಳುವ ತನಕ ತಲೆಗೇ ಹೋಗಿರಲಿಲ್ಲ.

ಹೇಳಿರಲಿಲ್ಲ ಅಂತಲ್ಲ, ಹೇಳಿದ್ದೆ, ಡ್ರಾಫ್ಟಿಗೆ ಹದಿನೈದು ದಿನ ಮುಂಚೆ ಹಳೆಯ ಟೈಮ್‌ಟೇಬಲ್ಲಿನ ಬೆನ್ನಿಗೆ ಆರು ಹೆಸರು ಬರೆದು, ಯಾಕೆ ಬೇಕು ಎಂದು ಒಬ್ಬೊಬ್ಬರ ಮುಂದೆ ಎರಡೆರಡು ಸಾಲು ಬರೆದು, ಕೊನೆಗೆ ಕೆಂಪು ಶಾಯಿಯಲ್ಲಿ, ಚಿಲಕನನ್ನು ಇನ್ನೆರಡು ವರ್ಷ ಇಟ್ಟುಕೊಳ್ಳಿ, ಅವನ ಪಕ್ಕದಲ್ಲಿ ನಿಂತೇ ಹೊಸಬರು ಕಲಿಯಬೇಕು, ಎಂದು ಬರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಪರ್ಸೆಂಟಿನ ಹತ್ತಿರ ಹೋಗಿದ್ದೆ, ಕಾರಿಡಾರಿನಲ್ಲಿ ನಲವತ್ತು ನಿಮಿಷ ನಿಲ್ಲಿಸಿದ. ಸಾರ್, ಒಂದ್ನಿಮಿಷ. ನೀವು — ಮೈಕಿನವರು ಅಲ್ವಾ? ಹೌದು ಸಾರ್, ಇದೊಂದು ನೋಡಿ ಸಾರ್. ನೋಡಿದ, ಓದಲಿಲ್ಲ, ಹಾಳೆಯನ್ನು ತಿರುಗಿಸಿ ಬಸ್ಸಿನ ವೇಳಾಪಟ್ಟಿಯ ಕಡೆಯನ್ನು ನೋಡಿ ನಕ್ಕ, ಪಕ್ಕದಲ್ಲಿದ್ದ ಇಬ್ಬರೂ ನಕ್ಕರು, ನೋಡೀ, ಅಭಿಪ್ರಾಯ ಎಲ್ರಿಗೂ ಇರುತ್ತೆ, ಆರಿಸೋದು ನಾವು, ಓದೋದು ನೀವು, ನಿಮ್ಮದೇ ಸುಖ ನೋಡಿ, ಸೋತ್ರೂ ನಿಮ್ಮನ್ನ ಯಾರೂ ಬೈಯಲ್ಲ. ಓದೋದು ನೀವು. ಆ ಮಾತನ್ನು ಮೈಕಣ್ಣ ಆರು ತಿಂಗಳಿಂದ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಾನೆ, ಕರಗಿಲ್ಲ, ಓದೋದು ನಾನು ತಾನೇ, ಓದುತ್ತೇನೆ, ಹೇಗೆ ಓದಬೇಕು ಅಂತ ನೀನು ಹೇಳಲಿಲ್ಲವಲ್ಲ.

ತಂಡದಿಂದ ತೆಗೆದ ಸುದ್ದಿಯನ್ನು ಚಿಲಕನಿಗೆ ಮುಟ್ಟಿಸಿದ್ದು ಫೋನಿನಲ್ಲಿ, ಮಗಳನ್ನು ಕರೆತರಲು ಶಾಲೆಯ ಗೇಟಿನ ಹತ್ತಿರ ನಿಂತಿದ್ದನಂತೆ, ಒಂದು ನಿಮಿಷದ ಮಾತು, ಹನ್ನೊಂದು ವರ್ಷಕ್ಕೆ ಒಂದು ನಿಮಿಷ, ಬೂಟು ಪ್ಯಾಡು ಎಲ್ಲ ಒಂದು ರಟ್ಟಿನ ಡಬ್ಬದಲ್ಲಿ ಹಾಕಿ ವಾಚ್‌ಮನ್ ಹತ್ತಿರ ಇಟ್ಟಿದ್ದರು, ಸಹಿ ಮಾಡಿ ತಗೊಂಡು ಹೋಗಿ ಅಂದರಂತೆ. ಕೇಳಿದ ದಿನ ಮೈಕಣ್ಣ ಫೋನು ಮಾಡಿದರೆ ಚಿಲಕನೇ ಇವನಿಗೆ ಸಮಾಧಾನ ಹೇಳಿದ, ಬಿಡಣ್ಣ, ಆಟ ಅಂದ್ಮೇಲೆ ಇವೆಲ್ಲ ಇದ್ದಿದ್ದೇ, ಹೊಳೆ ಆಚೆಯವರು ಕರೆದಿದ್ದಾರೆ, ಹೋಗ್ತೀನಿ. ಅವನು ಬಿಟ್ಟ, ಇವನಿಂದ ಬಿಡಲಾಗಲಿಲ್ಲ, ಹೇಗೆ ಬಿಡುವುದು, ಮೂರು ವರ್ಷದ ಹಿಂದೆ ಗಂಟಲಲ್ಲಿ ಗಂಟಾಗಿ ಕೊಯ್ಸಿಕೊಂಡಾಗ ಡಾಕ್ಟರು ಏಳು ವಾರ ಒಂದಕ್ಷರ ಮಾತಾಡಕೂಡದು ಎಂದಿದ್ದರು, ಕ್ಲಬ್ಬಿನವರು ಯಾವುದೋ ರೇಡಿಯೋದವಳ ದನಿಯನ್ನು ರೆಕಾರ್ಡ್ ಮಾಡಿಸಿ ಹಾಕಲು ಹೊರಟಿದ್ದರು, ಅಡ್ಡ ನಿಂತವನು ಚಿಲಕ, ಆಗ ಅವನೇ ಕ್ಯಾಪ್ಟನ್, ಮೈಕಣ್ಣ ವಾಪಸ್ ಬರೋವರೆಗೆ ನಮ್ಮ ಹೆಸರು ಯಾರೂ ಕೂಗೋದು ಬೇಡ, ಸುಮ್ನೆ ಇಳಿದು ಆಡ್ತೀವಿ, ಅಂದ, ಅಂದ ಹಾಗೆ ಏಳು ವಾರ ಹನ್ನೊಂದು ಜನ ಹೆಸರಿಲ್ಲದೆ ಮೈದಾನಕ್ಕಿಳಿದರು, ಮನೆಯಲ್ಲಿ ಟಿವಿ ಮುಂದೆ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತ ಮೈಕಣ್ಣ ಆ ಮೌನವನ್ನು ಕೇಳಿ ಅತ್ತದ್ದು ಹೆಂಡತಿಗೊಬ್ಬಳಿಗೇ ಗೊತ್ತು. ಎಂಟನೇ ವಾರ ಬಂದು ಮೊದಲು ಕೂಗಿದ್ದು ನಾಲ್ಕನೇ ನಂಬರನ್ನು, ವರಸೆ ತಪ್ಪಿಸಿ, ಗೋಲ್‌ಕೀಪರನಿಗಿಂತ ಮೊದಲು, ಅವನ ಹೆಸರನ್ನು. ಅಂಥವನನ್ನು ಗೇಟಿನಲ್ಲಿ ನಿಲ್ಲಿಸಿ ಒಂದು ನಿಮಿಷದಲ್ಲಿ —

ಭಾವ, ಐದು ನಿಮಿಷ, ಏನೋ ಮಸೀತಿದೀರ ನೀವು. ಏನಿಲ್ಲ ಕಣೋ, ಹೆಸರು ಓದ್ತೀನಿ ಅಷ್ಟೆ. ನಮ್ಮಕ್ಕನ ಹತ್ರ ಜಗಳಕ್ಕೆ ಮುಂಚೆ ನಿಮ್ಮ ಮುಖ ಹೀಗೇ ಇರುತ್ತೆ ಭಾವ, ಚಿಲಕನ ಹೆಸರು ಜೋರಾಗಿ ಕೂಗ್ತೀರ ತಾನೇ, ಕೂಗಿ, ನಾನೂ ಕೂಗ್ತೀನಿ. ಜಾಣ, ಅರ್ಧ ಹಿಡಿದಿದ್ದಾನೆ, ಅರ್ಧ ಮಾತ್ರ. ಎದುರಾಳಿಗಳ ಪಟ್ಟಿಯನ್ನು ಒಂದೇ ಉಸಿರಿಗೆ ಓದಿ ಮುಗಿಸುವುದು ಪದ್ಧತಿ, ಇವತ್ತು ಅದರ ನಡುವೆ ನಾಲ್ಕಕ್ಕೆ ನಿಲ್ಲುತ್ತೇನೆ, ಎರಡು ಉಸಿರಲ್ಲ, ನಾಲ್ಕು ಉಸಿರು ನಿಲ್ಲುತ್ತೇನೆ, ಇಡೀ ಗ್ಯಾಲರಿ ಎದ್ದು ನಿಂತು ಆ ಗಾಜಿನ ಕೋಣೆಯ ಕಡೆ ತಿರುಗಿ ಕೂಗಬೇಕು, ಗಾಜು ಅದುರಬೇಕು, ಅವನ ಲ್ಯಾಪ್‌ಟಾಪು ತೊಡೆಯ ಮೇಲಿಂದ ಜಾರಬೇಕು. ಅದು ಒಂದು ಕೈ. ಇನ್ನೊಂದು ಕೈ ಅದಕ್ಕಿಂತ ಮೊದಲು, ನಮ್ಮ ಪಟ್ಟಿಯಲ್ಲೇ, ಒಂಬತ್ತನೇ ನಂಬರಿನಲ್ಲಿ. ಒಂಬತ್ತು ಆ ಹೊಸಬ, ಪರ್ಸೆಂಟಿನ ಮುದ್ದಿನ ಆಯ್ಕೆ, ಇಪ್ಪತ್ತು ವರ್ಷ, ಇವತ್ತು ಮೊದಲ ಪಂದ್ಯ, ಊರಿನ ಗೋಡೆಗೆಲ್ಲ ಅವನ ಪೋಸ್ಟರು ಅಂಟಿಸಿದ್ದಾರೆ, ಬೆನ್ನು ತಿರುಗಿಸಿ ನಿಂತ ಚಿತ್ರ, ನಂಬರಷ್ಟೇ, ಹೆಸರನ್ನು ಮೈದಾನದಲ್ಲಿ ಕೇಳಿ ಅಂತ ಕೆಳಗೆ ಬರೆಸಿದ್ದಾನೆ ಆಸಾಮಿ. ಕೇಳಿಸುತ್ತೇನೆ ಬಾ. ಎಂಟನೇ ನಂಬರಿನವನು ಊರಿನ ಹುಡುಗ, ಈಗಿನ ಕ್ಯಾಪ್ಟನ್, ಅವನ ಹೆಸರಿಗೆ ಏಳುವ ಗದ್ದಲ ತಣ್ಣಗಾಗಲು ಎಂಟು ಸೆಕೆಂಡು ಬೇಕು, ಯಾವಾಗಲೂ ಕಾಯುತ್ತೇನೆ, ಇವತ್ತು ಕಾಯುವುದಿಲ್ಲ, ಆ ಗದ್ದಲದ ನಡುವೆ, ಬಸ್‌ಸ್ಟ್ಯಾಂಡಿನ ದನಿಯಲ್ಲಿ, ಮೂರನೇ ಪ್ಲಾಟ್‌ಫಾರ್ಮಿನ ದನಿಯಲ್ಲಿ, ಓದಿಬಿಡುತ್ತೇನೆ. ಓದಲಿಲ್ಲ ಅಂತ ಯಾರಪ್ಪನೂ ಹೇಳುವ ಹಾಗಿಲ್ಲ. ಓದಿದೆ ಸಾರ್, ಓದೋದು ನಾನು, ಕೇಳಿಸಿಕೊಳ್ಳೋದು ನಿಮಗೆ ಬಿಟ್ಟಿದ್ದು.

ಕೆಂಪು ದೀಪ ಹತ್ತಿತು. ಒಂದು, ಎರಡು, ಮೂರು, ಐದು, ದನಿ ಚೆನ್ನಾಗಿದೆ, ಬೆಣ್ಣೆಯ ಹಾಗೆ ಏಳುತ್ತಿದೆ, ಕೆಳಗೆ ಸುರಂಗದ ಬಾಯಿಂದ ಒಬ್ಬೊಬ್ಬರೇ ಬಿಸಿಲಿಗೆ ಬರುತ್ತಿದ್ದಾರೆ, ಆರು, ಏಳು, ಎಂಟು — ಅಬ್ಬಾ ಏನು ಗದ್ದಲ, ಕಬ್ಬಿಣದ ಬೆಂಚುಗಳನ್ನು ಕಾಲಿನಿಂದ ಕುಟ್ಟುತ್ತಿದ್ದಾರೆ, ಈಗ, ಈಗಲೇ, ಒಂಬತ್ತನೇ ನಂಬರ್ ಎಂದು ತುಟಿ ಮಾತ್ರ ಅಲುಗಿಸಿದ ಹಾಗೆ ಹೇಳಿದ, ಅವನ ಐದಕ್ಷರದ ಹೆಸರನ್ನು ಇಪ್ಪತ್ತು ನಿಮಿಷ ತಡವಾದ ಬಸ್ಸಿನ ಹಾಗೆ ಹೇಳಿದ, ಗದ್ದಲ ಅದನ್ನು ನುಂಗಿತು, ಮುಳುಗಿದ ಜಾಗದಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಸುರಂಗದಿಂದ ಹೊಸಬ ಹೊರಗೆ ಬಂದ, ಬಂದು ಒಂದು ಕ್ಷಣ ನಿಂತ, ಕೈ ಎತ್ತಲೋ ಬೇಡವೋ ಎನ್ನುವ ಹಾಗೆ ಅರ್ಧಕ್ಕೆತ್ತಿ, ಯಾರೂ ಕೂಗುತ್ತಿಲ್ಲವೆಂದು ಆ ಕೈಯಿಂದ ತಲೆಗೂದಲು ಸರಿಮಾಡಿಕೊಂಡು ಓಡಿಹೋಗಿ ಸಾಲಿನಲ್ಲಿ ಸೇರಿಕೊಂಡ, ಮೈಕಣ್ಣನ ಎದೆಯೊಳಗೆ ಏನೋ ತಂಪಾಗಿ ಇಳಿಯಿತು, ಹಾಂ, ಹಾಗೆ, ಗೊತ್ತಾಗಲಿ, ಹತ್ತು, ಹನ್ನೊಂದು, ಹದಿನಾಲ್ಕು. ಭಾವ, ಒಂಬತ್ತು ಹೇಳಿದ್ರಾ? ಹೇಳಿದೆ. ನನಗೇ ಕೇಳಿಸ್ಲಿಲ್ವಲ್ಲ, ಪಕ್ಕದಲ್ಲೇ ಇದೀನಿ. ಸುಮ್ನಿರೋ. ಈಗ ಎರಡನೇ ಹಾಳೆ, ಒಂದೆರಡುಮೂರು ಒಂದೇ ಉಸಿರು, ನಾಲ್ಕನೇ ನಂಬರ್, ನಿಂತ. ಒಂದು ಉಸಿರು. ಗ್ಯಾಲರಿಗೆ ಅರ್ಥವಾಗತೊಡಗಿತು. ಎರಡು. ಮೂಲೆಯಲ್ಲಿ ಯಾರೋ ಎದ್ದರು. ಮೂರು, ಎಲ್ಲರೂ ಏಳುತ್ತಿದ್ದಾರೆ, ನಾಲ್ಕು, ಚೀ — ಲಕಾ! ಎಂದು ಹನ್ನೊಂದು ಸಾವಿರ ಬಾಯಿ, ಮತ್ತೆ ಲಕಾ, ಮತ್ತೆ, ಗಾಜು ನಿಜವಾಗಿಯೂ ಅದುರಿತು, ಭಾವಮೈದುನ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾನೆ, ಮೈಕಣ್ಣನ ಕಣ್ಣಲ್ಲಿ ನೀರು, ಕೆಳಗೆ ಬೇರೆ ಬಣ್ಣದ ಅಂಗಿಯಲ್ಲಿ ಚಿಲಕ ಒಂದು ಸಲ ಕೈಯೆತ್ತಿ, ಆಮೇಲೆ ತಲೆಯೆತ್ತಿ ಈ ಕೋಣೆಯ ಕಡೆಗೇ ನೋಡಿ, ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಒತ್ತಿದ, ಸಾಕು ಸಾಕು ಎಂಬಂತೆ, ಸಾಕಾಗುವುದು ಹೇಗೆ, ಅವನು ಯಾವತ್ತೂ ಹೀಗೇ, ತನಗಾಗಿ ಏನೂ ಬೇಡದವನು.

ಪರ್ಸೆಂಟಿನ ಮುಖ, ಅವನ ಮುಖ ನೋಡಬೇಕು, ಅದಕ್ಕೇ ಅಲ್ಲವೇ ಮನೆಯಿಂದ ಹಳೆಯ ಬೈನಾಕ್ಯುಲರ್ ತಂದದ್ದು, ಸಿಕ್ಕಿತು, ಬೂದು ಕೋಟು, ಎದ್ದು ನಿಂತಿದ್ದಾನೆ, ನಿಂತು — ಚಪ್ಪಾಳೆ ತಟ್ಟುತ್ತಿದ್ದಾನೆ. ಪಕ್ಕದ ಅತಿಥಿಯ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು, ಗ್ಯಾಲರಿಯ ಕಡೆ ಕೈ ತೋರಿಸಿ ಮತ್ತೆ ಚಪ್ಪಾಳೆ. ಭಾವಮೈದುನನ ಫೋನು ಗುಂಯ್‌ಗುಟ್ಟಿತು, ಆಫೀಸಿನಿಂದ, ಸಾಹೇಬ್ರು ಹೇಳಿದ್ರಂತೆ ಭಾವ, ಇವತ್ತು ವಾತಾವರಣ ಭರ್ಜರಿಯಾಗಿದೆ, ಮೈಕಿನವರಿಗೆ ಹೇಳಿ, ಹೀಗೇ ನಡೀಲಿ ಅಂತ. ಹೀಗೇ ನಡೀಲಿ. ಮುಟ್ಟಲಿಲ್ಲ, ಆರು ತಿಂಗಳು ಮಸೆದದ್ದು ಅವನ ಕೋಟಿನ ಗುಂಡಿಗೂ ತಾಗಲಿಲ್ಲ, ಇರಲಿ, ಇರಲಿ, ಇನ್ನೊಂದು ಕೈ ಇದೆಯಲ್ಲ, ಅವನ ಆಯ್ಕೆಯನ್ನು ಊರಿನ ಮುಂದೆ ಅನಾಮಿಕ ಮಾಡಿದೆನಲ್ಲ, ಅದು ತಾಗಿಯೇ ತಾಗುತ್ತದೆ, ರೆಫರಿಯ ಸೀಟಿ, ಆಟ ಶುರು, ಇನ್ನು ಗೋಲು ಬಿದ್ದರೆ, ಆಟಗಾರ ಬದಲಾದರೆ ಮಾತ್ರ ಮೈಕು, ನಿಯಮ. ನಾಲ್ಕನೇ ನಿಮಿಷಕ್ಕೆ ಹೊಸಬ ಗೋಲಿಗೆ ಬೆನ್ನು ಹಾಕಿ ಚೆಂಡನ್ನು ಕಾಲಲ್ಲಿ ನಿಲ್ಲಿಸಿ, ಚಿಲಕನ ಎದುರು ತಿರುಗಿದ, ಬಲಕ್ಕೆ ಅಂತ ತೋರಿಸಿ ಎಡಕ್ಕೆ, ಚಿಲಕನನ್ನು, ಚಿಲಕನನ್ನೇ, ದಾಟಿ ಒದೆದ, ಗೋಲ್ ಕಂಬಕ್ಕೆ ಬಡಿದು ಠಣ್ ಎಂದಿತು, ಗ್ಯಾಲರಿ ಅಯ್ಯೋ ಎಂದಿತು, ಕಿಟಕಿಯ ಕೆಳಗಿನ ಬೆಂಚಿನಿಂದ ಒಬ್ಬ ಕೇಳಿದ, ಯಾರೋ ಅವನು, ಹೆಸರೇನು? ಗೊತ್ತಿಲ್ಲ ಕಣೋ, ಹೇಳ್ಲೇ ಇಲ್ವಲ್ಲ. ಮೈಕಣ್ಣ ನಕ್ಕ, ಕಂಬಕ್ಕೆ ಬಡಿದದ್ದಕ್ಕೂ ನಕ್ಕ, ಹೇಳ್ಲೇ ಇಲ್ವಲ್ಲ ಎಂಬುದಕ್ಕೂ ನಕ್ಕ, ನಗು ಗಂಟಲಿಗೆ ಬಂದು ಕೆಮ್ಮಾಯಿತು.

ಭಾವ, ಅಲ್ಲಿ ನೋಡಿ, ಅವರು ಇನ್ನೂ ಹಾಗೇ ನಿಂತಿದಾರೆ. ಯಾರು? ಅದೇ, ಕುಟುಂಬದವರ ಸಾಲಿನಲ್ಲಿ, ಸ್ಪೀಕರ್ ಕಂಬದ ಪಕ್ಕ, ಆ ಹೊಸಬನ ಅಮ್ಮ, ಬೆಳಿಗ್ಗೆ ಪಾಸು ಕೊಡೋವಾಗ ನನ್ನನ್ನ ಕೇಳಿದ್ರು, ಅಣ್ಣಾ, ಹೆಸರು ಎಷ್ಟು ಹೊತ್ತಿಗೆ ಕೂಗ್ತಾರೆ, ಎಲ್ಲಿ ನಿಂತ್ರೆ ಚೆನ್ನಾಗಿ ಕೇಳ್ಸುತ್ತೆ, ರೆಕಾರ್ಡ್ ಮಾಡ್ಕೋಬೇಕು ಅಂತ, ನಾನೇ ಆ ಕಂಬ ತೋರಿಸಿದೆ. ಮೈಕಣ್ಣ ಬೈನಾಕ್ಯುಲರನ್ನು ಇಳಿಸಿದ, ಅದಕ್ಕೆ ಬೈನಾಕ್ಯುಲರ್ ಬೇಕಿರಲಿಲ್ಲ, ಗಾಜಿನ ಕೆಳಗೇ, ಇಪ್ಪತ್ತು ಹೆಜ್ಜೆಯ ದೂರದಲ್ಲಿ, ನೀಲಿ ಕೆಲಸದ ಕೋಟಿನ ಗಿಡ್ಡ ಹೆಂಗಸು, ಎಲ್ಲೋ ಪಾಳಿ ಮುಗಿಸಿ ನೇರ ಬಂದವಳ ಹಾಗೆ, ಎದೆಯ ಮೇಲಿನ ಗುರುತಿನ ಚೀಟಿಯನ್ನೂ ತೆಗೆದಿಲ್ಲ, ಮೈದಾನದ ಕಡೆಗೆ ಬೆನ್ನು ಹಾಕಿ, ಫೋನು ಹಿಡಿದ ಕೈಯನ್ನು ಸ್ಪೀಕರಿನ ಬಾಯಿಗೆ ಎತ್ತಿ ಹಿಡಿದಿದ್ದಾಳೆ. ಮೈದಾನದ ಕಡೆಗಲ್ಲ, ಸ್ಪೀಕರಿನ ಕಡೆಗೆ. ಹತ್ತನೇ ನಂಬರು ಬಂದಾಗ ಗೊತ್ತಾಗಲಿಲ್ಲವೇ ಇವಳಿಗೆ, ಗೊತ್ತಾಗಿರಬೇಕು, ಹೊಸಬರ ಹೆಸರನ್ನು ಕೊನೆಗೆ ವಿಶೇಷವಾಗಿ ಕೂಗುತ್ತಾರೆ ಅಂದುಕೊಂಡಳೋ ಏನೋ, ಲಕಾ ಲಕಾ ಎಂದು ಎಲ್ಲರೂ ಎದ್ದಾಗ, ಇದೋ ಈಗ ಬಂತು ಅಂದುಕೊಂಡಿರಬೇಕು, ಇದಾದ ಮೇಲೆ ತನ್ನ ಮಗನದೇ ಎಂದು — ಅವಳನ್ನು ನಾನು ಎಣಿಸಿರಲಿಲ್ಲ, ಪರ್ಸೆಂಟನ್ನು ಎಣಿಸಿದ್ದೆ, ಹೊಸಬನನ್ನು ಎಣಿಸಿದ್ದೆ, ಗ್ಯಾಲರಿಯನ್ನು, ಚಿಲಕನನ್ನು, ಎಂಟು ಸೆಕೆಂಡಿನ ಗದ್ದಲವನ್ನೂ ಎಣಿಸಿದ್ದೆ, ಅವಳು ಯಾರ ಪಟ್ಟಿಯಲ್ಲೂ ಇರಲಿಲ್ಲ. ಭಾವ, ಗೋಲು ಹೊಡೆದ್ರೆ ಹೇಳಬಹುದು ಅಲ್ವಾ, ಆಗ ಹೇಳಿ, ಜೋರಾಗಿ. ಹೊಡೆಯಬಾರದು ಅವನು, ಹೊಡೆದರೆ ಪರ್ಸೆಂಟು ಗೆದ್ದ ಹಾಗೆ, ಹೊಡೆಯದಿದ್ದರೆ ಆ ತಾಯಿ ಎತ್ತಿ ಹಿಡಿದ ಕೈ, ಹೊಡೆದರೂ ಅದು ಗೋಲಿನ ಹೆಸರು, ಮೊದಲ ಸಲ ಸುರಂಗದಿಂದ ಬಿಸಿಲಿಗೆ ಬಂದವನ ಹೆಸರಲ್ಲ, ಅದು ಹೋಯಿತು, ಅದನ್ನು ಮೂರನೇ ಪ್ಲಾಟ್‌ಫಾರ್ಮಿನಿಂದ ಹೊರಡಿಸಿ ಕಳಿಸಿಬಿಟ್ಟೆ. ಮೈಕಿನ ಗುಂಡಿಯ ಮೇಲೆ ಬೆರಳಿದೆ, ಆಟದ ನಡುವೆ ಒತ್ತುವ ಹಾಗಿಲ್ಲ, ಚೆಂಡು ಎಲ್ಲಿದೆಯೋ, ಯಾರ ಕಾಲಲ್ಲಿದೆಯೋ, ಚಿಲಕನೋ ಹೊಸಬನೋ, ಗ್ಯಾಲರಿ ಯಾವುದಕ್ಕೋ ಕೂಗುತ್ತಿದೆ, ಭಾವಮೈದುನ ಏನೋ ಹೇಳುತ್ತಿದ್ದಾನೆ, ಮೈಕಣ್ಣನಿಗೆ ಗಾಜಿನ ಕೆಳಗಿನ ಆ ನೀಲಿ ತೋಳಿನ ಹೊರತು ಬೇರೇನೂ ಕಾಣಿಸುತ್ತಿಲ್ಲ, ಕಂಬದ ಪಕ್ಕ, ನೆಟ್ಟಗೆ, ಇಳಿಸುತ್ತಾಳೆ, ಈಗ ಇಳಿಸುತ್ತಾಳೆ, ಇಳಿಸಿದಳು — ಬಲಗೈ ಸೋತಿರಬೇಕು, ಫೋನನ್ನು ಎಡಗೈಗೆ ಬದಲಾಯಿಸಿಕೊಂಡು, ಮತ್ತೆ ಮೇಲೆತ್ತಿ ಹಿಡಿದಳು